ಪರಾಗನಾಳದಲ್ಲಿ ಕ್ಯಾಲ್ಸಿಯಂ ಸಂಕೇತವನ್ನು ಪರೀಕ್ಷಿಸುವ ಬಗೆ: ಕಾಲೇಜು ಪ್ರಯೋಗಾಲಯಕ್ಕೊಂದು ಕೈಪಿಡಿ

ಹೂಮಳೆ ಬಿದ್ದು ಎಂಟು–ಹತ್ತು ದಿನ ಕಳೆಯುವಷ್ಟರಲ್ಲಿ ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಾಫಿ ತೋಟಗಳು ಒಂದೇ ಬೆಳಗಿಗೆ ಬೆಳ್ಳಗಾಗುತ್ತವೆ. ಆ ಎರಡು–ಮೂರು ದಿನಗಳಲ್ಲಿ ಪ್ರತಿಯೊಂದು ಹೂವಿನೊಳಗೂ ನಡೆಯುವ ಕೆಲಸವನ್ನು ಬರಿಗಣ್ಣು ಕಾಣಲಾರದು. ಹೂವಿನ ಹೆಣ್ಣು ಭಾಗದ ತುದಿಯಾದ ಶಲಾಕಾಗ್ರದ ಮೇಲೆ ಬಿದ್ದ ಪರಾಗದ ಕಣವೊಂದು ನೀರು ಹೀರಿ ಊದಿಕೊಂಡು, ತನ್ನ ಮೈಯಿಂದ ಒಂದು ನಾಳವನ್ನು ಹೊರಚಾಚಿ, ಶಲಾಕೆಯ ಉದ್ದಕ್ಕೂ ದಾರಿ ಹುಡುಕುತ್ತಾ ಅಂಡಕದವರೆಗೆ ಹೋಗಿ, ಅಲ್ಲಿ ಒಡೆದು ತನ್ನಲ್ಲಿರುವ ಗಂಡು ಕೋಶಗಳನ್ನು ಒಪ್ಪಿಸಬೇಕು. ಎಲ್ಲಿ ಬೆಳೆಯಬೇಕು, ಯಾವಾಗ ನಿಲ್ಲಬೇಕು, ಎಲ್ಲಿ ಒಡೆಯಬೇಕು ಎಂಬ ತೀರ್ಮಾನಗಳೆಲ್ಲವೂ ಜೀವಕೋಶದೊಳಗಿನ ರಾಸಾಯನಿಕ ಸಂಕೇತಗಳ ಮೂಲಕ ಆಗುತ್ತವೆ, ಮತ್ತು ಆ ಸಂಕೇತಗಳಲ್ಲಿ ಕ್ಯಾಲ್ಸಿಯಂ ಮುಖ್ಯವಾದುದು. ನಮ್ಮ ಹೃದಯದ ಬಡಿತ, ಸ್ನಾಯುವಿನ ಸಂಕೋಚನ ಮತ್ತು ಅಂಡಾಣುವಿನ ಫಲೀಕರಣವನ್ನು ನಡೆಸುವ ಕ್ಯಾಲ್ಸಿಯಂ ಅಯಾನು ಯಾವುದೋ ಇಲ್ಲಿ ಕೆಲಸ ಮಾಡುವುದೂ ಅದೇ.

ಈ ಬರಹವು ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಸಸ್ಯಶಾಸ್ತ್ರವನ್ನೋ ಜೀವರಸಾಯನಶಾಸ್ತ್ರವನ್ನೋ ಓದುತ್ತಿರುವ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಮತ್ತು ಅವರ ಪ್ರಾಜೆಕ್ಟುಗಳಿಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರಿಗೆ ಉದ್ದೇಶಿಸಿದ್ದು. ಸಾಮಾನ್ಯ ಸಂಯುಕ್ತ ಸೂಕ್ಷ್ಮದರ್ಶಕ, 10 ಮಿಲಿಗ್ರಾಂ ವ್ಯತ್ಯಾಸವನ್ನೂ ತೋರಿಸಬಲ್ಲ ತಕ್ಕಡಿ, ಒಂದು ಮೈಕ್ರೊಪಿಪೆಟ್ ಮತ್ತು ಪಿಎಚ್ ಮೀಟರ್ ಇದ್ದರೆ ಸಾಕು. ಹೆಚ್ಚಿನ ಪ್ರಾಜೆಕ್ಟು ವರದಿಗಳಲ್ಲಿ "ಕ್ಯಾಲ್ಸಿಯಂ ಹಾಕಿದಾಗ ಪರಾಗ ಚೆನ್ನಾಗಿ ಮೊಳೆಯಿತು, ಆದ್ದರಿಂದ ಕ್ಯಾಲ್ಸಿಯಂ ಒಂದು ಸಂಕೇತ" ಎಂಬ ವಾಕ್ಯವನ್ನು ಕಾಣುತ್ತೇನೆ. ಮೊದಲ ಅರ್ಧದಿಂದ ಎರಡನೆಯ ಅರ್ಧ ಹುಟ್ಟುವುದಿಲ್ಲ. ಸಕ್ಕರೆ ಹಾಕಿದರೂ ಪರಾಗ ಚೆನ್ನಾಗಿ ಮೊಳೆಯುತ್ತದೆ, ಆದರೆ ಸಕ್ಕರೆಯನ್ನು ಆ ಕಾರಣಕ್ಕೆ ನಾವು ಸಂಕೇತ ಎನ್ನುವುದಿಲ್ಲ. ಒಂದು ವಸ್ತು ಆಹಾರವೋ, ಗೋಡೆ ಕಟ್ಟುವ ಗಾರೆಯೋ, ಸಂಕೇತವೋ ಎಂಬುದನ್ನು ಬೇರ್ಪಡಿಸಲು ಪ್ರಯೋಗವನ್ನು ಹೇಗೆ ಹೂಡಬೇಕು ಎಂಬುದೇ ಇಲ್ಲಿ ನಾನು ಹೇಳಹೊರಟಿರುವ ವಿಷಯ.

ಮೊದಲು ನೀರು

ಈ ಪ್ರಯೋಗ ಕೆಡುವುದಿದ್ದರೆ ಬಹುಮಟ್ಟಿಗೆ ನೀರಿನಲ್ಲೇ ಕೆಡುತ್ತದೆ. 1883ರಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಇದನ್ನು ಕಂಡುಕೊಂಡ ಬಗೆ ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿದಿರಬೇಕು. ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿಟ್ಟು ಬಡಿತವನ್ನು ಅಳೆಯುತ್ತಿದ್ದ ಅವರಿಗೆ ಮೊದಲು ಸಿಕ್ಕ ಫಲಿತಾಂಶಗಳು, ಆ ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮಾಡದೆ ನಲ್ಲಿ ನೀರಿನಲ್ಲಿ ಮಾಡಿದ್ದರಿಂದ ಬಂದವು ಎಂದು ಆಮೇಲೆ ತಿಳಿಯಿತು. ಶುದ್ಧ ನೀರಿನಲ್ಲಿ ಅದೇ ಉಪ್ಪನ್ನು ಕರಗಿಸಿದಾಗ ಹೃದಯದ ಬಡಿತ ಕ್ಷೀಣಿಸಿ ನಿಂತಿತು. ಕ್ಯಾಲ್ಸಿಯಂ ಸೇರಿಸಿದಾಗ ಮರಳಿತು. ಹೃದಯಕ್ಕೆ ಕ್ಯಾಲ್ಸಿಯಂ ಅಗತ್ಯ ಎಂಬ ತಿಳಿವು ಬಂದದ್ದು ನಲ್ಲಿ ನೀರಿನ ದಾರಿಯಿಂದ.

ನಮ್ಮ ಪ್ರಯೋಗಾಲಯದಲ್ಲಿಯೂ ಮೊದಲ ವರ್ಷ ಇಂಥದ್ದೇ ಆಯಿತು. ಕ್ಯಾಲ್ಸಿಯಂ ಹಾಕದ ಸೀಸೆಯಲ್ಲಿ ಪರಾಗವು ಹಾಕಿದ ಸೀಸೆಯಷ್ಟೇ ಸೊಗಸಾಗಿ ಮೊಳೆಯಿತು, ಮೂರು ದಿನ ಬಿಡದೆ ಮಾಡಿದರೂ ಹಾಗೆಯೇ. ಕೊನೆಗೆ ನೋಡಿದರೆ ದ್ರಾವಣಕ್ಕೆ ಬಳಸಿದ ನೀರು ಶುದ್ಧವೇ ಆಗಿತ್ತು, ಆದರೆ ಗಾಜಿನ ಸಾಮಾನುಗಳನ್ನು ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೆಯೇ ಒಣಗಲು ಬಿಟ್ಟಿದ್ದೆವು. ಸೀಸೆಯನ್ನು ಬೆಳಕಿಗೆ ಹಿಡಿದಾಗ ಒಳಮೈಯಲ್ಲಿ ಹನಿಗಳು ಒಣಗಿದ ಜಾಗದಲ್ಲೆಲ್ಲ ಬೆಳ್ಳನೆಯ ಉಂಗುರಗಳು ಕಾಣುತ್ತಿದ್ದವು. ಕಡೂರು, ಅರಸೀಕೆರೆ ಕಡೆಯವರಿಗೆ ಈ ಬಿಳಿ ಪದರ ನೀರು ಕಾಯಿಸುವ ಹಂಡೆಯ ತಳದಲ್ಲಿ ದಿನವೂ ಕಾಣುವಂಥದ್ದು. ಗಡಸುತನ ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮವಾಗಿರುವ ನೀರಿನಲ್ಲಿ, ಆ ಗಡಸುತನವೆಲ್ಲ ಕ್ಯಾಲ್ಸಿಯಂನಿಂದಲೇ ಬಂದಿದ್ದರೆ, ಒಂದು ಮಿಲಿಮೋಲಾರ್ ಕ್ಯಾಲ್ಸಿಯಂ ಇರುತ್ತದೆ. ನಾವು ಪ್ರಯೋಗದಲ್ಲಿ ಬೇಕೆಂದೇ ಹಾಕುವ ಕ್ಯಾಲ್ಸಿಯಂ ಸುಮಾರು 1.27 ಮಿಲಿಮೋಲಾರ್. ಎಂದರೆ ತೊಳೆದು ಉಳಿದ ಹನಿಗಳೇ ಪ್ರಯೋಗವನ್ನು ಹಾಳುಮಾಡಬಲ್ಲವು. ಆದ್ದರಿಂದ ಎಲ್ಲ ಗಾಜಿನ ಸಾಮಾನನ್ನು ಮೊದಲು ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಜಾಲಿಸಿ, ಆಮೇಲೆ ಬಟ್ಟಿ ಇಳಿಸಿದ ನೀರಿನಲ್ಲಿ ಕನಿಷ್ಠ ಮೂರು ಸಲ ಜಾಲಿಸಿ, ಬೋರಲು ಹಾಕಿ ಒಣಗಿಸಬೇಕು. ಸಾಧ್ಯವಿದ್ದರೆ ಅಂತಿಮ ದ್ರಾವಣಗಳಿಗೆ ಪ್ಲಾಸ್ಟಿಕ್ ಸೀಸೆಗಳನ್ನು ಬಳಸುವುದು ಮೇಲು.

ದ್ರಾವಣಗಳನ್ನು ಸಿದ್ಧಪಡಿಸುವುದು

1963ರಲ್ಲಿ ಬ್ರೂಬೇಕರ್ ಮತ್ತು ಕ್ವಾಕ್ ಪ್ರಕಟಿಸಿದ ಮಾಧ್ಯಮವನ್ನೇ ಇಂದಿಗೂ ಪರಾಗ ಮೊಳೆಯಿಸಲು ಹೆಚ್ಚಾಗಿ ಬಳಸುತ್ತಾರೆ. ಅದರಲ್ಲಿ ಶೇ 10 ಸುಕ್ರೋಸ್ ಇರುತ್ತದೆ. ಜೊತೆಗೆ ಲೀಟರಿಗೆ 100 ಮಿಲಿಗ್ರಾಂ ಬೋರಿಕ್ ಆಮ್ಲ, 300 ಮಿಲಿಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, 200 ಮಿಲಿಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಮತ್ತು 100 ಮಿಲಿಗ್ರಾಂ ಪೊಟ್ಯಾಸಿಯಂ ನೈಟ್ರೇಟ್. ಇಷ್ಟು ಕಡಿಮೆ ತೂಕಗಳನ್ನು ಕಾಲೇಜಿನ ತಕ್ಕಡಿ ನಂಬಿಕೆಯಿಂದ ತೂಗಲಾರದು. ಅದಕ್ಕಾಗಿ ನೂರು ಪಟ್ಟು ಗಾಢವಾದ ಸ್ಟಾಕ್ ದ್ರಾವಣಗಳನ್ನು ಬೇರೆ ಬೇರೆಯಾಗಿ ಮಾಡಿಟ್ಟುಕೊಳ್ಳಬೇಕು: ಪ್ರತಿ 100 ಮಿಲಿಲೀಟರ್ ನೀರಿಗೆ ಬೋರಿಕ್ ಆಮ್ಲ 1 ಗ್ರಾಂ, ನಾಲ್ಕು ನೀರಿನ ಅಣುಗಳುಳ್ಳ ಕ್ಯಾಲ್ಸಿಯಂ ನೈಟ್ರೇಟ್ 3 ಗ್ರಾಂ, ಏಳು ನೀರಿನ ಅಣುಗಳುಳ್ಳ ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 1 ಗ್ರಾಂ. ಸೀಸೆಗಳ ಸಂಖ್ಯೆ ಉಳಿಸಲೆಂದು ಇವನ್ನು ಒಂದೇ ಸೀಸೆಯಲ್ಲಿ ಬೆರೆಸಬಾರದು, ಏಕೆಂದರೆ ಇಷ್ಟು ಗಾಢತೆಯಲ್ಲಿ ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಕೂಡಿ ಜಿಪ್ಸಂ ಆಗಿ ತಳಕ್ಕೆ ಕೂರುತ್ತದೆ, ಮತ್ತು ಮೇಲಿನ ತಿಳಿಯಲ್ಲಿ ಕ್ಯಾಲ್ಸಿಯಂ ಎಷ್ಟು ಉಳಿಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ.

ಕ್ಯಾಲ್ಸಿಯಂ ಹೊರತು ಉಳಿದೆಲ್ಲವೂ ಇರುವ ಒಂದು ಇಮ್ಮಡಿ ಮೂಲ ದ್ರಾವಣವನ್ನು ಮಾಡಿಕೊಂಡರೆ ಎಲ್ಲ ಸೀಸೆಗಳಲ್ಲಿಯೂ ಸಕ್ಕರೆಯ ಪ್ರಮಾಣ ಒಂದೇ ಆಗಿರುತ್ತದೆ. 20 ಗ್ರಾಂ ಸುಕ್ರೋಸ್‌ಗೆ ಬೋರಿಕ್ ಆಮ್ಲ, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಸ್ಟಾಕ್‌ಗಳನ್ನು ತಲಾ 2 ಮಿಲಿಲೀಟರ್ ಸೇರಿಸಿ, ಒಟ್ಟು 100 ಮಿಲಿಲೀಟರ್ ಆಗುವಂತೆ ನೀರು ಹಾಕಬೇಕು. ಸುಕ್ರೋಸ್ ಪ್ರಯೋಗಾಲಯ ದರ್ಜೆಯದ್ದೇ ಆಗಿರಲಿ, ಏಕೆಂದರೆ ಅಂಗಡಿಯ ಸಕ್ಕರೆಯನ್ನು ಸುಣ್ಣ ಹಾಕಿ ಶುದ್ಧಿ ಮಾಡಿರುತ್ತಾರೆ.

ಈಗ ಆರು ಸೀಸೆಗಳು. ಪ್ರತಿಯೊಂದಕ್ಕೂ ಮೂಲ ದ್ರಾವಣ 5 ಮಿಲಿಲೀಟರ್ ಹಾಕಿ, ಕೊನೆಗೆ ನೀರು ಸೇರಿಸಿ 10 ಮಿಲಿಲೀಟರಿಗೆ ತರಬೇಕು. 'ಅ' ಸೀಸೆಗೆ ಕ್ಯಾಲ್ಸಿಯಂ ಸ್ಟಾಕ್ 0.1 ಮಿಲಿಲೀಟರ್ ಸೇರಿಸಿದರೆ ಅದು ಪೂರ್ಣ ಮಾಧ್ಯಮವಾಗುತ್ತದೆ. 'ಆ' ಸೀಸೆಗೆ ಕ್ಯಾಲ್ಸಿಯಂ ಬೇಡ. 'ಇ' ಸೀಸೆಗೆ 'ಅ'ದಷ್ಟೇ ಕ್ಯಾಲ್ಸಿಯಂ ಹಾಕಿ, ಅದರ ಜೊತೆಗೆ 100 ಮಿಲಿಮೋಲಾರ್ ಇಜಿಟಿಎ ಸ್ಟಾಕ್‌ನಿಂದ 0.2 ಮಿಲಿಲೀಟರ್ ಸೇರಿಸಬೇಕು. ಇಜಿಟಿಎ ಕ್ಯಾಲ್ಸಿಯಂ ಅಯಾನನ್ನು ಒಂದಕ್ಕೊಂದರಂತೆ ಅಪ್ಪಿ ಹಿಡಿಯುತ್ತದೆ. ಹೆಚ್ಚು ಪರಿಚಿತವಾದ ಇಡಿಟಿಎ ಮೆಗ್ನೀಸಿಯಂ ಅನ್ನೂ ಬಿಡದೆ ಹಿಡಿಯುವುದರಿಂದ ಇಲ್ಲಿ ಅದು ಸಲ್ಲದು. 'ಈ' ಸೀಸೆಗೆ ಅಷ್ಟೇ ಇಜಿಟಿಎ ಹಾಕಿ, ಕ್ಯಾಲ್ಸಿಯಂ ಸ್ಟಾಕ್ ಅನ್ನು 0.26 ಮಿಲಿಲೀಟರಿಗೆ ಏರಿಸಬೇಕು. ಆಗ ಇಜಿಟಿಎ ತನ್ನ ಪಾಲನ್ನು ಹಿಡಿದ ಮೇಲೂ 'ಅ'ದಲ್ಲಿರುವಷ್ಟು ಕ್ಯಾಲ್ಸಿಯಂ ಬಿಡುವಾಗಿ ಉಳಿಯುತ್ತದೆ. 'ಉ' ಸೀಸೆಗೆ ಕ್ಯಾಲ್ಸಿಯಂ ಬದಲು ಅದೇ ಮೋಲಾರ್ ಪ್ರಮಾಣದ ಮೆಗ್ನೀಸಿಯಂ, ಅಂದರೆ ಮೆಗ್ನೀಸಿಯಂ ಸ್ಟಾಕ್ 0.16 ಮಿಲಿಲೀಟರ್ ಹೆಚ್ಚಾಗಿ. 'ಊ' ಸೀಸೆಗೆ ಪೂರ್ಣ ಕ್ಯಾಲ್ಸಿಯಂ ಜೊತೆಗೆ 10 ಮಿಲಿಮೋಲಾರ್ ಲ್ಯಾಂಥನಂ ಕ್ಲೋರೈಡ್‌ನ 0.1 ಮಿಲಿಲೀಟರ್. ಲ್ಯಾಂಥನಂ ಕ್ಯಾಲ್ಸಿಯಂ ಅನ್ನು ಹಿಡಿಯುವುದಿಲ್ಲ, ಕೋಶಪೊರೆಯಲ್ಲಿ ಕ್ಯಾಲ್ಸಿಯಂ ಒಳನುಗ್ಗುವ ಬಾಗಿಲುಗಳನ್ನು ಮುಚ್ಚುತ್ತದೆ. ಈ ಕೊನೆಯ ಸೀಸೆ ಏಕೆ ಬೇಕೆಂಬುದನ್ನು ಮುಂದೆ ವಿವರಿಸಿದ್ದೇನೆ. ಇದನ್ನು ಅಂದಂದೇ ಮಾಡಿಕೊಳ್ಳಬೇಕು.

ಇಜಿಟಿಎ ಬಗ್ಗೆ ಎರಡು ಎಚ್ಚರಿಕೆಗಳಿವೆ, ಮತ್ತು ಎರಡನೆಯದನ್ನು ಕಡೆಗಣಿಸಿದ ವರದಿಗಳೇ ಹೆಚ್ಚು. ಮೊದಲನೆಯದು, ಅದು ಬರೀ ನೀರಿನಲ್ಲಿ ಕರಗುವುದಿಲ್ಲ. 10 ಮಿಲಿಲೀಟರ್ ಸ್ಟಾಕ್‌ಗೆ ಬೇಕಾದ 0.38 ಗ್ರಾಂ ಪುಡಿಯನ್ನು ನೀರಿಗೆ ಹಾಕಿ, ಪಿಎಚ್ 8ರ ಹತ್ತಿರ ಬರುವವರೆಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಸೇರಿಸಿದರೆ ಹಾಲಿನಂತಿದ್ದದ್ದು ತಿಳಿಯಾಗುತ್ತದೆ. ಎರಡನೆಯದು, ಇಜಿಟಿಎ ಒಂದು ಕ್ಯಾಲ್ಸಿಯಂ ಹಿಡಿದಾಗಲೆಲ್ಲ ಎರಡು ಹೈಡ್ರೊಜನ್ ಅಯಾನುಗಳನ್ನು ಬಿಟ್ಟುಕೊಡುತ್ತದೆ. ನಮ್ಮ ಮಾಧ್ಯಮದಲ್ಲಿ ಬಫರ್ ಇಲ್ಲದ ಕಾರಣ ಪಿಎಚ್ ಕೂಡಲೇ ನಾಲ್ಕರ ಕಡೆಗೆ ಕುಸಿಯುತ್ತದೆ, ಮತ್ತು ಅಷ್ಟು ಆಮ್ಲೀಯವಾದ ದ್ರಾವಣದಲ್ಲಿ ಇಜಿಟಿಎ ಕ್ಯಾಲ್ಸಿಯಂ ಮೇಲಿನ ಹಿಡಿತವನ್ನೇ ಬಿಡುತ್ತದೆ. ಆಗ ವಿದ್ಯಾರ್ಥಿಯು ಕ್ಯಾಲ್ಸಿಯಂ ಇಲ್ಲದ ಸೀಸೆ ಎಂದು ಭಾವಿಸಿ ನೋಡುತ್ತಿರುವುದು ನಿಜಕ್ಕೂ ಕ್ಯಾಲ್ಸಿಯಂ ಇರುವ, ಆದರೆ ಹುಳಿಯಾದ ಸೀಸೆಯನ್ನು. ಆದುದರಿಂದ ಆರೂ ಸೀಸೆಗಳನ್ನು ಪೂರ್ತಿ ತುಂಬುವ ಮುನ್ನ ಅರ್ಧ ಮಿಲಿಲೀಟರಿನಷ್ಟು ಜಾಗ ಉಳಿಸಿ, ದುರ್ಬಲ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅಥವಾ ಹೈಡ್ರೊಕ್ಲೋರಿಕ್ ಆಮ್ಲದಿಂದ ಪಿಎಚ್ ಅನ್ನು 7ಕ್ಕೆ ತಂದು, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಆ ಬಳಿಕವೇ 10 ಮಿಲಿಲೀಟರಿಗೆ ತುಂಬಬೇಕು.

ಹೂವು

ಕಾಫಿ ಹೂವಿನಲ್ಲೇ ಈ ಪ್ರಯೋಗ ಮಾಡಬೇಕೆಂಬ ಆಸೆ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಸಹಜವಾಗಿಯೇ ಇರುತ್ತದೆ, ಮತ್ತು ಅದನ್ನು ನಾನು ಪ್ರೋತ್ಸಾಹಿಸುತ್ತೇನೆ. ಆದರೆ ಹೂವು ಬಿಡುವ ದಿನವನ್ನು ಮಳೆಯೋ ಸ್ಪ್ರಿಂಕ್ಲರೋ ನಿರ್ಧರಿಸುತ್ತದೆ, ಪರೀಕ್ಷಾ ವೇಳಾಪಟ್ಟಿ ನಿರ್ಧರಿಸುವುದಿಲ್ಲ. ಆದ್ದರಿಂದ ಕೈ ಪಳಗುವವರೆಗೆ ವರ್ಷವಿಡೀ ಸಿಗುವ ನಿತ್ಯಪುಷ್ಪವನ್ನೋ, ಮಳೆಗಾಲದಲ್ಲಿ ಹಿತ್ತಲಲ್ಲಿ ಅರಳುವ ಕರ್ಣಕುಂಡಲವನ್ನೋ ಬಳಸುವುದು ಒಳ್ಳೆಯದು. ಕರ್ಣಕುಂಡಲದ ಪರಾಗ ಬಹಳ ಚುರುಕು. ಎಷ್ಟೋ ಸಲ ಅರ್ಧ ಗಂಟೆಯೊಳಗೇ ನಾಳಗಳು ಕಣ್ಣೆದುರಿಗೆ ಉದ್ದವಾಗುತ್ತಾ ಹೋಗುತ್ತವೆ. ಪರಾಗನಾಳವು ಬೆಳೆಯುವುದನ್ನು ಮೊದಲ ಸಲ ಕಾಣುವ ವಿದ್ಯಾರ್ಥಿಯು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯುವುದಿಲ್ಲ. ನಾಳದ ಒಳಗೆ ಸಣ್ಣ ಕಣಗಳು ಅಂಚುಗಳಲ್ಲಿ ತುದಿಯ ಕಡೆಗೆ ಸಾಗಿ, ತುದಿಗೆ ಸ್ವಲ್ಪ ಮೊದಲೇ ತಿರುಗಿ, ನಡುವಿನಲ್ಲಿ ಹಿಂದಕ್ಕೆ ಹರಿಯುವುದು ಕಾಣುತ್ತದೆ. ತುತ್ತತುದಿಯ ಒಂದು ಚೂರು ಮಾತ್ರ ತಿಳಿಯಾಗಿ, ಕಣಗಳಿಲ್ಲದಂತೆ ಇರುತ್ತದೆ. ನಾಳ ಬೆಳೆಯುತ್ತಿರುವುದು ಆ ತಿಳಿಯಾದ ಚೂರಿನಲ್ಲಿ, ಮತ್ತು ಕ್ಯಾಲ್ಸಿಯಂ ಒಳಬರುತ್ತಿರುವುದೂ ಅಲ್ಲಿಯೇ.

ಕಾಫಿಯಾದರೆ ಹೂವರಳಿದ ಮೊದಲ ಬೆಳಿಗ್ಗೆ, ಇಬ್ಬನಿ ಆರಿದ ಕೂಡಲೇ, ಪರಾಗಕೋಶಗಳು ಆಗ ತಾನೇ ಬಿರಿಯುತ್ತಿರುವ ಹೂಗಳನ್ನು ಕಾಗದದ ಲಕೋಟೆಯಲ್ಲಿ ತರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ಒಳಗೆ ಬೆವರು ಕಟ್ಟಿ ಪರಾಗವು ದಾರಿಯಲ್ಲೇ ಒದ್ದೆಯಾಗುತ್ತದೆ. ಅರೇಬಿಕವೋ ರೋಬಸ್ಟವೋ, ಯಾವ ತಳಿ, ಮಳೆ ಅಥವಾ ನೀರು ಬಿದ್ದ ದಿನಾಂಕ ಯಾವುದು ಎಂಬುದನ್ನು ಲಕೋಟೆಯ ಮೇಲೇ ಬರೆದಿಡಬೇಕು. ಶೇ 10 ಸುಕ್ರೋಸ್ ಎಲ್ಲ ಗಿಡಗಳಿಗೂ ಒಪ್ಪುವುದಿಲ್ಲವಾದ್ದರಿಂದ, ಹೊಸ ಗಿಡವನ್ನು ಹಿಡಿದಾಗ ಮೊದಲ ದಿನವನ್ನು ಶೇ 5, 10, 15 ಮತ್ತು 20 ಸುಕ್ರೋಸ್ ಹೋಲಿಸುವುದಕ್ಕೆ ಮೀಸಲಿಡಬೇಕು.

ತೊಟ್ಟು ಮತ್ತು ಎಣಿಕೆ

ಕವರ್‌ಸ್ಲಿಪ್ ಮೇಲೆ ದ್ರಾವಣದ ಒಂದು ಸಣ್ಣ ತೊಟ್ಟನ್ನಿಟ್ಟು, ಪರಾಗವನ್ನು ಸೂಜಿಯ ತುದಿಯಿಂದ ಅದರ ಮೇಲೆ ಉದುರಿಸಿ, ಗುಳಿಯಿರುವ ಸ್ಲೈಡಿನ ಅಂಚಿಗೆ ವ್ಯಾಸಲೀನ್ ಹಚ್ಚಿ, ಕವರ್‌ಸ್ಲಿಪ್ಪನ್ನು ಮಗುಚಿ ತೊಟ್ಟು ಗುಳಿಯೊಳಗೆ ನೇತಾಡುವಂತೆ ಕೂರಿಸುವ ವಿಧಾನ ಎಲ್ಲರಿಗೂ ಗೊತ್ತಿರುವುದೇ. ಸ್ಲೈಡುಗಳನ್ನು ಒದ್ದೆ ಫಿಲ್ಟರ್ ಕಾಗದ ಹಾಸಿದ ಪೆಟ್ರಿ ತಟ್ಟೆಯಲ್ಲಿ ಮುಚ್ಚಿಡಬೇಕು.

ಇಲ್ಲಿ ಗಮನ ಕೊಡಬೇಕಾದದ್ದು ಪರಾಗದ ದಟ್ಟಣೆಗೆ. ಒಂದು ತೊಟ್ಟಿನಲ್ಲಿ ಬೆರಳೆಣಿಕೆಯ ಕಣಗಳಿದ್ದರೆ ಅವು ಸರಿಯಾಗಿ ಮೊಳೆಯುವುದಿಲ್ಲ, ಗುಂಪಾಗಿದ್ದರೆ ಚೆನ್ನಾಗಿ ಮೊಳೆಯುತ್ತವೆ ಎಂಬುದು ಬಹಳ ಹಿಂದಿನಿಂದಲೂ ಕಂಡುಬಂದಿದ್ದ ಒಂದು ಒಗಟು. ಪರಾಗದ ಕಣಗಳಿಂದ ಹೊರಕ್ಕೆ ಒಸರುವ ಕ್ಯಾಲ್ಸಿಯಂ ಅದಕ್ಕೆ ಕಾರಣವೆಂದೂ, ಹೊರಗಿನಿಂದ ಸಾಕಷ್ಟು ಕ್ಯಾಲ್ಸಿಯಂ ಕೊಟ್ಟರೆ ಒಂಟಿ ಕಣಗಳೂ ಮೊಳೆಯುತ್ತವೆಂದೂ ತೋರಿಸಿದ್ದು ಮೇಲೆ ಹೇಳಿದ ಬ್ರೂಬೇಕರ್ ಮತ್ತು ಕ್ವಾಕ್ ಅವರ ಕೆಲಸ. ಹೀಗಾಗಿ 'ಆ' ಸೀಸೆಯ ತೊಟ್ಟಿಗೆ ಪರಾಗ ಹೆಚ್ಚು ಬಿದ್ದರೆ, ಆ ಪರಾಗವೇ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ತಂದುಕೊಂಡಂತೆ ಆಗುತ್ತದೆ. ಸೂಜಿಯಿಂದ ಅಳತೆಯಿಲ್ಲದೆ ಉದುರಿಸುವ ಬದಲು, ಹಲವು ಹೂಗಳ ಪರಾಗವನ್ನು ಒಂದು ಒಣ ಗಾಜಿನ ಮೇಲೆ ಬೆರೆಸಿ, ಸಣ್ಣ ಕುಂಚದ ತುದಿಯಿಂದ ಎಲ್ಲ ತೊಟ್ಟುಗಳಿಗೂ ಒಂದೇ ರೀತಿ ತಟ್ಟುವುದು ಮೇಲು. ಹತ್ತು ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಒಂದು ನೋಟಕ್ಕೆ ಇಪ್ಪತ್ತರಿಂದ ನಲವತ್ತು ಕಣಗಳು ಕಾಣುವ ತೊಟ್ಟುಗಳನ್ನಷ್ಟೇ ನಾನು ಲೆಕ್ಕಕ್ಕೆ ಹಿಡಿಯುತ್ತೇನೆ.

ನಾಳದ ಉದ್ದವು ಕಣದ ವ್ಯಾಸಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಮೊಳೆತದ್ದು ಎನ್ನಬೇಕು. ಎಣಿಕೆಯ ಪುಸ್ತಕದಲ್ಲಿ ಮೊಳೆತದ್ದು, ಮೊಳೆಯದ್ದು ಎಂಬ ಎರಡೇ ಕಲಮುಗಳಿದ್ದರೆ ಸಾಲದು. ಒಡೆದುಹೋದ ನಾಳಗಳಿಗೆ ಮೂರನೆಯ ಕಲಮು ಬೇಕೇ ಬೇಕು. ತುದಿ ಒಡೆದು ಒಳಗಿನ ದ್ರವ್ಯ ಹೊಗೆಯಂತೆ ಹೊರಚೆಲ್ಲಿದ ನಾಳವು ಮೊಳೆತಿದೆ, ಆದರೆ ಬೆಳವಣಿಗೆಯನ್ನು ನಿಭಾಯಿಸಲಾಗದೆ ಸೋತಿದೆ. ಇದನ್ನು ಯಾವುದೇ ಒಂದು ಕಡೆಗೆ ಸೇರಿಸಿದರೂ ಮಾಹಿತಿ ಕಳೆದುಹೋಗುತ್ತದೆ.

ಎಷ್ಟು ಎಣಿಸಬೇಕು? 100 ಕಣಗಳಲ್ಲಿ 60 ಮೊಳೆತಿದ್ದರೆ, ನಿಜವಾದ ಪ್ರಮಾಣ ಶೇ 50ರಿಂದ 70ರ ನಡುವೆ ಎಲ್ಲಿಯಾದರೂ ಇರಬಹುದು. 300 ಕಣಗಳಲ್ಲಿ 180 ಮೊಳೆತಿದ್ದರೆ ಆ ಅಂತರ ಸುಮಾರು ಶೇ 54ರಿಂದ 66ಕ್ಕೆ ಕಿರಿದಾಗುತ್ತದೆ. ಇದೂ ಎಲ್ಲ ಕಣಗಳೂ ಒಂದಕ್ಕೊಂದು ಸಂಬಂಧವಿಲ್ಲದವು ಎಂಬ ಲೆಕ್ಕದಲ್ಲಿ. ಒಂದೇ ತೊಟ್ಟಿನ ಕಣಗಳು ಹಾಗಿರುವುದಿಲ್ಲ. ಆದ್ದರಿಂದ ಪ್ರತಿ ಸೀಸೆಗೆ ಕನಿಷ್ಠ ಮೂರು ತೊಟ್ಟು, ಪ್ರತಿ ತೊಟ್ಟಿಗೆ 100 ಕಣ, ಮತ್ತು ಇಡೀ ಪ್ರಯೋಗವನ್ನು ಬೇರೆ ಬೇರೆ ಮೂರು ದಿನಗಳಲ್ಲಿ ಮಾಡಬೇಕು. ಸರಾಸರಿ ತೆಗೆಯುವಾಗ ಕಣವನ್ನಲ್ಲ, ತೊಟ್ಟನ್ನು ಒಂದು ಘಟಕವಾಗಿ ಹಿಡಿಯಬೇಕು. ಎಣಿಸುವವರಿಗೆ ಸೀಸೆ ಯಾವುದೆಂದು ತಿಳಿದಿರಬಾರದು. ಸ್ಲೈಡುಗಳಿಗೆ ಬೇರೊಬ್ಬರು ಬರೀ ಅಂಕಿಗಳನ್ನು ಬರೆದು, ಯಾವ ಅಂಕಿ ಯಾವ ಸೀಸೆ ಎಂಬ ಚೀಟಿಯನ್ನು ಮೇಷ್ಟ್ರ ಬಳಿ ಕೊಟ್ಟಿರಲಿ. ಅರ್ಧ ಮೊಳೆತಂತೆ ಕಾಣುವ ಕಣವನ್ನು ನಮ್ಮ ಮನಸ್ಸು ತನಗೆ ಬೇಕಾದ ಕಡೆಗೇ ಎಣಿಸುತ್ತದೆ, ಎಷ್ಟೇ ಪ್ರಾಮಾಣಿಕರಾಗಿದ್ದರೂ.

ಫಲಿತಾಂಶವನ್ನು ಓದುವುದು

'ಅ' ಸೀಸೆಯಲ್ಲಿಯೇ ಅರ್ಧದಷ್ಟೂ ಮೊಳೆಯದಿದ್ದರೆ ಆ ದಿನದ ಎಣಿಕೆಯನ್ನು ಬಿಟ್ಟುಬಿಡಿ. ಹೂವು ಹಳತಾಗಿರಬಹುದು ಅಥವಾ ಸುಕ್ರೋಸ್ ಪ್ರಮಾಣ ಹೊಂದದಿರಬಹುದು. ಬಿಟ್ಟ ದಿನವನ್ನೂ ಕಾರಣ ಸಮೇತ ಪುಸ್ತಕದಲ್ಲಿ ಬರೆಯಬೇಕು. 'ಆ' ಸೀಸೆಯು 'ಅ'ಕ್ಕೆ ಸಮನಾಗಿದ್ದರೆ ಕ್ಯಾಲ್ಸಿಯಂ ಬೇಡವೆಂದು ಅರ್ಥವಲ್ಲ. ನೀರನ್ನು, ಗಾಜನ್ನು, ದಟ್ಟಣೆಯನ್ನು ಪರಿಶೀಲಿಸಬೇಕು. 'ಇ'ಯಲ್ಲಿ ಮೊಳೆಯುವಿಕೆ ಕುಸಿದು 'ಈ'ಯಲ್ಲಿ ಮರಳಿ ಬಂದರೆ ಮಾತ್ರ ಕ್ಯಾಲ್ಸಿಯಂ ಬೇಕೆಂದು ಹೇಳಬಹುದು, ಏಕೆಂದರೆ 'ಈ'ಯಲ್ಲಿಯೂ ಅಷ್ಟೇ ಇಜಿಟಿಎ ಇದೆ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅಂತೂ ಹೆಚ್ಚೇ ಇದೆ. 'ಈ'ಯೂ ಮೇಲೇಳದಿದ್ದರೆ ತಪ್ಪು ಇಜಿಟಿಎಯದ್ದೋ ಪಿಎಚ್‌ನದ್ದೋ ಇರಬೇಕು. ಕ್ಯಾಲ್ಸಿಯಂ ನೈಟ್ರೇಟ್ ಹಾಕದೆ ಬಿಟ್ಟಾಗ ನೈಟ್ರೇಟ್ ಕೂಡ ಕಡಿಮೆಯಾಯಿತಲ್ಲ ಎಂದು ಪರೀಕ್ಷಕರು ಕೇಳಬಹುದು. 'ಇ' ಸೀಸೆಯಲ್ಲಿ ನೈಟ್ರೇಟ್ ಪೂರ್ತಿಯಾಗಿ ಇದ್ದೂ ಮೊಳೆಯುವಿಕೆ ಕುಸಿದಿದ್ದರೆ ಅದೇ ಉತ್ತರ. 'ಉ' ಸೀಸೆ ತಗ್ಗಿಯೇ ಉಳಿದರೆ ಎರಡು ಧನಾವೇಶವುಳ್ಳ ಯಾವ ಅಯಾನೂ ಸಾಲದು, ಕ್ಯಾಲ್ಸಿಯಮ್ಮೇ ಬೇಕು ಎಂಬಷ್ಟನ್ನು ಸೇರಿಸಬಹುದು.

ಇಷ್ಟಾದರೂ ಸಂಕೇತ ಎಂಬ ಮಾತು ಇನ್ನೂ ದಕ್ಕಿಲ್ಲ. ಪರಾಗನಾಳದ ಗೋಡೆಯಲ್ಲಿ ಪೆಕ್ಟಿನ್ ಎಂಬ ಸಕ್ಕರೆಯ ಸರಪಳಿಗಳಿವೆ, ಮತ್ತು ಹೊರಗಿನ ಕ್ಯಾಲ್ಸಿಯಂ ಅವುಗಳ ನಡುವೆ ಕೊಂಡಿಯಾಗಿ ನಿಂತು ಗೋಡೆಯನ್ನು ಬಿಗಿಗೊಳಿಸುತ್ತದೆ. ಮಾಧ್ಯಮದಲ್ಲಿರುವ ಬೋರಾನ್ ಮಾಡುವುದೂ ಪೆಕ್ಟಿನ್‌ನ ಮತ್ತೊಂದು ಭಾಗವನ್ನು ಹೀಗೆ ಕಟ್ಟುವ ಕೆಲಸವನ್ನೇ. ಇಜಿಟಿಎ ಹಾಕಿದಾಗ ನಾಳಗಳು ಒಡೆದವೆಂದರೆ, ಒಳಗಿನ ಸಂಕೇತ ತಪ್ಪಿತೋ ಹೊರಗಿನ ಗೋಡೆ ಸಡಿಲವಾಯಿತೋ ಹೇಳಲಾಗದು. ಒಡೆದ ನಾಳಗಳ ಕಲಮು ಬೇಕೆಂದು ಒತ್ತಿ ಹೇಳಿದ್ದು ಇದಕ್ಕಾಗಿಯೇ. 'ಊ' ಸೀಸೆಯಲ್ಲಿ ಹೊರಗಿನ ಕ್ಯಾಲ್ಸಿಯಂ ಇದ್ದ ಹಾಗೆಯೇ ಇದೆ, ಒಳಬರುವ ದಾರಿ ಮಾತ್ರ ಮುಚ್ಚಿದೆ. ಅಲ್ಲಿ ನಾಳಗಳು ಒಡೆಯದೆ, ಆದರೆ ಬೆಳೆಯದೆ ನಿಂತಿದ್ದರೆ, ಒಳಹರಿವೇ ಮುಖ್ಯವೆಂಬ ವಾದಕ್ಕೆ ಬಲ ಬರುತ್ತದೆ. ಲ್ಯಾಂಥನಂ ಕೂಡ ಪೆಕ್ಟಿನ್‌ಗೆ ಸ್ವಲ್ಪ ಮಟ್ಟಿಗೆ ಅಂಟುವುದರಿಂದ ಇದನ್ನು ಅಂತಿಮ ಸಾಕ್ಷಿ ಎಂದು ಬರೆಯಬಾರದು. ಕೋಶದೊಳಗಿನ ಕ್ಯಾಲ್ಸಿಯಂ ಅನ್ನು ಹೊಳೆಯುವ ಬಣ್ಣಗಳ ಮೂಲಕ ನೇರವಾಗಿ ಅಳೆದವರು, ನಾಳದ ಬುಡದ ಕಡೆ ಅದು ಸುಮಾರು 100–200 ನ್ಯಾನೊಮೋಲಾರ್ ಇದ್ದರೆ ತುದಿಯಲ್ಲಿ ಕೆಲವು ಮೈಕ್ರೊಮೋಲಾರ್‌ಗೆ ಏರಿ, ಬೆಳವಣಿಗೆಯ ಲಯಕ್ಕೆ ತಕ್ಕಂತೆ ಏರಿಳಿಯುವುದನ್ನು ಕಂಡಿದ್ದಾರೆ. ಹೊರಗೆ ಮಿಲಿಮೋಲಾರ್ ಇರುವಾಗ ಒಳಗೆ ಅದರ ಹತ್ತು ಸಾವಿರದಲ್ಲೊಂದು ಪಾಲಷ್ಟೇ ಉಳಿಸಿಕೊಳ್ಳಲು ಕೋಶವು ಸತತವಾಗಿ ಶಕ್ತಿ ವ್ಯಯಿಸುತ್ತದೆ. ಹೀಗೆ ಖಾಲಿ ಇಟ್ಟುಕೊಂಡಿರುವುದರಿಂದಲೇ ಸ್ವಲ್ಪ ಕ್ಯಾಲ್ಸಿಯಂ ಒಳಬಂದರೂ ಅದು ಸುದ್ದಿಯಾಗುತ್ತದೆ.

ಕೆಫೀನ್‌ನೊಂದಿಗೆ ಒಂದು ಹೆಜ್ಜೆ ಮುಂದೆ

ಈ ಸೀಮೆಯಲ್ಲಿ ಕುಳಿತು ಮಾಡಲೇಬೇಕಾದ ಮತ್ತೊಂದು ಪರೀಕ್ಷೆ ಇದೆ: ಕಾಫಿಯಲ್ಲಿರುವ, ನಮ್ಮ ಸ್ನಾಯುಗಳಲ್ಲಿ ಕ್ಯಾಲ್ಸಿಯಂ ಹೊರಬಿಡಿಸುವ ಕೆಫೀನ್‌ನದು. ಕೆಲವು ಮಿಲಿಮೋಲಾರ್ ಕೆಫೀನ್ ಲಿಲ್ಲಿ ಹೂವಿನ ಪರಾಗನಾಳಗಳ ಬೆಳವಣಿಗೆಯನ್ನು ನಿಲ್ಲಿಸುತ್ತದೆಂದೂ, ಕೆಫೀನ್ ತೊಳೆದರೆ ಅವು ಚೇತರಿಸಿಕೊಂಡು ಬೆಳೆಯುತ್ತವೆಂದೂ ತಿಳಿದಿದೆ. ಶೇ 1ರ ಅಗಾರ್ ಬೆರೆಸಿದ 'ಅ' ಮಾಧ್ಯಮವನ್ನು ಸ್ಲೈಡಿನ ಮೇಲೆ ತೆಳ್ಳಗೆ ಹರಡಿ, ಪರಾಗ ತಟ್ಟಿ, ನಾಳಗಳು ಬೆಳೆಯತೊಡಗಿದ ಮೇಲೆ ಕಣ್ಣುಗಾಜಿನ ಅಳತೆಪಟ್ಟಿಯಿಂದ ಹತ್ತು ನಾಳಗಳ ಉದ್ದವನ್ನು ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಿರಿ. ಬಳಿಕ 3 ಮಿಲಿಮೋಲಾರ್ ಕೆಫೀನ್ ಇರುವ 'ಅ' ಮಾಧ್ಯಮವನ್ನು, ಅಂದರೆ 100 ಮಿಲಿಲೀಟರಿಗೆ 58 ಮಿಲಿಗ್ರಾಂ ಸೇರಿಸಿದ್ದನ್ನು, ಮೆಲ್ಲಗೆ ಮೇಲೆ ಹರಿಸಿ ಅದೇ ನಾಳಗಳನ್ನು ಅಳೆದು, ಕೊನೆಗೆ ಫಿಲ್ಟರ್ ಕಾಗದದಿಂದ ದ್ರವ ಹೀರಿ ಬರೀ 'ಅ' ಮಾಧ್ಯಮದಿಂದ ಎರಡು–ಮೂರು ಸಲ ತೊಳೆದು ಮತ್ತೆ ಅಳೆಯಿರಿ. ಪಕ್ಕದಲ್ಲೊಂದು ಸ್ಲೈಡಿಗೆ ಕೆಫೀನ್ ಇಲ್ಲದ ದ್ರವವನ್ನೇ ಇದೇ ಕ್ರಮದಲ್ಲಿ ಹರಿಸಬೇಕು, ಇಲ್ಲವಾದರೆ ಅಲುಗಾಟದಿಂದ ನಿಂತದ್ದನ್ನು ಕೆಫೀನ್‌ನಿಂದ ನಿಂತಿತೆಂದು ತಿಳಿಯುವ ಅಪಾಯವಿದೆ. ಅಗಾರ್ ತನ್ನೊಡನೆ ಕ್ಯಾಲ್ಸಿಯಂ ತರುವುದರಿಂದ ಮೊದಲಿನ ಆರು ಸೀಸೆಗಳ ಪ್ರಯೋಗಕ್ಕೆ ಈ ವಿಧಾನ ಬೇಡ. ಮನೆಯ ಡಿಕಾಕ್ಷನ್ ಹಾಕಬಹುದೇ ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ಡಿಕಾಕ್ಷನ್‌ನಲ್ಲಿ ಪೊಟ್ಯಾಸಿಯಂ, ಕ್ಲೋರೊಜೆನಿಕ್ ಆಮ್ಲ ಮುಂತಾದ ಎಷ್ಟೋ ವಸ್ತುಗಳಿರುವುದರಿಂದ ಯಾವುದು ಏನು ಮಾಡಿತೆಂದು ತಿಳಿಯುವುದಿಲ್ಲ. ಶುದ್ಧ ಕೆಫೀನ್ ಪುಡಿಯೇ ಬೇಕು. ಅದನ್ನು ತೂಗುವಾಗ ಕೈಗವಸು ಹಾಕಿಕೊಳ್ಳಬೇಕು, ಏಕೆಂದರೆ ಶುದ್ಧ ರೂಪದ ಕೆಲವೇ ಗ್ರಾಂಗಳು ಪ್ರಾಣಕ್ಕೆ ಅಪಾಯ ತರಬಲ್ಲವು.

ರೋಗಗಳ ಜೊತೆಗಿನ ಸಂಬಂಧವನ್ನು ಬರೆಯುವಾಗ

ಪ್ರಾಜೆಕ್ಟು ವರದಿಯ ಕೊನೆಯ ಪುಟದಲ್ಲಿ ಮನುಷ್ಯರ ರೋಗಗಳ ಪ್ರಸ್ತಾಪ ಬರುವುದು ವಾಡಿಕೆಯಾಗಿದೆ. ಬರೆಯಲು ನಿಜವಾದ ವಿಷಯಗಳು ಸಾಕಷ್ಟಿವೆ. ನಮ್ಮ ಸ್ನಾಯುಕೋಶಗಳಲ್ಲಿ ರಯನೊಡಿನ್ ಗ್ರಾಹಕವೆಂಬ ಬಾಗಿಲಿನ ಮೂಲಕ ದಾಸ್ತಾನಿನಿಂದ ಕ್ಯಾಲ್ಸಿಯಂ ಹೊರಬರುತ್ತದೆ, ಮತ್ತು ಕೆಫೀನ್ ಆ ಬಾಗಿಲನ್ನು ತೆರೆಯುತ್ತದೆ. ಆ ಬಾಗಿಲಿನ ಜೀನಿನಲ್ಲಿ ದೋಷವಿರುವ ಕೆಲವರಿಗೆ ಹಾಲೋಥೇನ್‌ನಂಥ ಅರಿವಳಿಕೆ ಕೊಟ್ಟಾಗ ಕ್ಯಾಲ್ಸಿಯಂ ಹತೋಟಿ ತಪ್ಪಿ, ಸ್ನಾಯುಗಳು ಸೆಟೆದು, ಮೈ ಬಿಸಿ ಅಪಾಯಕಾರಿಯಾಗಿ ಏರುತ್ತದೆ. ಈ ದೋಷವನ್ನು ಪತ್ತೆಹಚ್ಚುವ ಒಂದು ಪರೀಕ್ಷೆಯಲ್ಲಿ ಸ್ನಾಯುವಿನ ಎಳೆಯನ್ನು ಕೆಫೀನ್ ಮತ್ತು ಹಾಲೋಥೇನ್‌ಗೆ ಒಡ್ಡಿಯೇ ನೋಡುತ್ತಾರೆ. ಆದರೆ ಇಂಥ ರಯನೊಡಿನ್ ಗ್ರಾಹಕದ ಜೀನು ಹೂಬಿಡುವ ಸಸ್ಯಗಳಲ್ಲಿ ಕಂಡುಬಂದಿಲ್ಲ. ಹಾಗಾಗಿ "ಕೆಫೀನ್ ಪರಾಗದಲ್ಲಿಯೂ ಸ್ನಾಯುವಿನಲ್ಲಿ ಮಾಡುವುದನ್ನೇ ಮಾಡುತ್ತದೆ" ಎಂದು ಬರೆಯುವುದು ತಪ್ಪು.

ಸಸ್ಯರೋಗದ ಕಡೆಗೆ ಇನ್ನೂ ಹತ್ತಿರದ ನಂಟಿದೆ. ಅರಬಿಡಾಪ್ಸಿಸ್ ಎಂಬ ಗಿಡದಲ್ಲಿ ಪರಾಗನಾಳವು ಅಂಡಕಕ್ಕೆ ಬಂದು ತಲುಪಿದ್ದನ್ನು ಗುರುತಿಸುವ ಗ್ರಾಹಕಕ್ಕೆ ಫೆರೋನಿಯ ಎಂದು ಹೆಸರು. ಅದು ಕೆಟ್ಟರೆ ನಾಳವು ಅಲ್ಲಿಗೆ ಬಂದರೂ ನಿಲ್ಲದೆ, ಒಡೆಯದೆ, ಒಳಗೆ ಸುಮ್ಮನೆ ಬೆಳೆಯುತ್ತಾ ಹೋಗುತ್ತದೆ. 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಫೆರೋನಿಯ ಇಲ್ಲದ ಗಿಡದ ಎಲೆಗಳನ್ನು ಬೂದಿರೋಗದ ಶಿಲೀಂಧ್ರ ಸುಲಭವಾಗಿ ಹೊಗಲಾರದು ಎಂದು ತೋರಿಸಿತು. ಈ ಗ್ರಾಹಕದೊಂದಿಗೆ ಕೆಲಸ ಮಾಡುವ ಎಂಎಲ್ಒ ಕುಟುಂಬದ ಪ್ರೊಟೀನ್ ಕ್ಯಾಲ್ಸಿಯಂ ಬಾಗಿಲಾಗಿ ವರ್ತಿಸುತ್ತದೆ ಎಂಬುದು 2022ರಲ್ಲಿ ತಿಳಿಯಿತು. ಬಾರ್ಲಿಯಲ್ಲಿ ಆ ಕುಟುಂಬದ ಒಂದು ಜೀನು ಕೆಟ್ಟರೆ ಗಿಡಕ್ಕೆ ಬೂದಿರೋಗ ತಗಲುವುದಿಲ್ಲವೆಂದು 1940ರ ದಶಕದಿಂದಲೇ ಗೊತ್ತಿತ್ತು. ಪರಾಗನಾಳವನ್ನು ಒಳಬಿಡುವ ವ್ಯವಸ್ಥೆಯನ್ನೇ ಶಿಲೀಂಧ್ರವೂ ಬಳಸಿಕೊಳ್ಳುತ್ತಿರಬಹುದೇ ಎಂಬ ಪ್ರಶ್ನೆ ಇಲ್ಲಿಂದ ಏಳುತ್ತದೆ. ಕಾಫಿಯ ಎಲೆ ತುಕ್ಕು ರೋಗದ ಶಿಲೀಂಧ್ರ ಬೇರೆಯೇ ಗುಂಪಿನದು, ಅದು ಎಲೆಯ ಅಡಿಯ ರಂಧ್ರಗಳ ಮೂಲಕ ಒಳಹೋಗುವಂಥದ್ದು. ಆದುದರಿಂದ ಈ ಫಲಿತಾಂಶವನ್ನು ತೋಟದವರ ಮುಂದೆ ತುಕ್ಕುರೋಗಕ್ಕೆ ಪರಿಹಾರವೆಂಬಂತೆ ಹೇಳಬಾರದು.

ತೋಟದವರು ಕೇಳುವ ಇನ್ನೊಂದು ಪ್ರಶ್ನೆಗೂ ಸಿದ್ಧರಾಗಿರಬೇಕು: ತಮ್ಮ ರೋಬಸ್ಟದಲ್ಲಿ ಕಾಯಿ ಕಡಿಮೆ ಕಚ್ಚುವುದಕ್ಕೆ ಪರಾಗ ಕೆಟ್ಟಿರುವುದು ಕಾರಣವೇ? ನಿಮ್ಮ ತೊಟ್ಟಿನಲ್ಲಿ ಶೇ 70 ಮೊಳೆತರೂ ಅದು ಅರ್ಧ ಉತ್ತರವಷ್ಟೇ. ಅರೇಬಿಕ ತನ್ನ ಪರಾಗವನ್ನು ತಾನೇ ಒಪ್ಪಿಕೊಳ್ಳುತ್ತದೆ. ರೋಬಸ್ಟ ಒಪ್ಪುವುದಿಲ್ಲ, ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಮೂಲಕವೋ ಬರಬೇಕು. ಸ್ವಂತ ಪರಾಗವನ್ನು ತಡೆಯುವುದು ಹೆಣ್ಣು ಭಾಗದ ಕೆಲಸವಾದ್ದರಿಂದ, ಸಕ್ಕರೆ ದ್ರಾವಣದ ತೊಟ್ಟಿನಲ್ಲಿ ಆ ತಡೆಯೇ ಇರುವುದಿಲ್ಲ. ಗಸಗಸೆಯ ಜಾತಿಯ ಹೂವೊಂದರಲ್ಲಿ ಈ ತಡೆ ನಡೆಯುವುದು ಕ್ಯಾಲ್ಸಿಯಂ ಮೂಲಕವೇ ಎಂದು ತಿಳಿದಿದೆ: ಸ್ವಂತ ಪರಾಗವನ್ನು ಗುರುತಿಸುವ ಪ್ರೊಟೀನ್ ತಗಲಿದೊಡನೆ ನಾಳದೊಳಗೆ ಕ್ಯಾಲ್ಸಿಯಂ ಉಕ್ಕಿ, ಬೆಳವಣಿಗೆ ನಿಂತು, ಕೋಶವು ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ರೋಬಸ್ಟದಲ್ಲಿ ಇದನ್ನು ನೋಡಬೇಕಾದರೆ ಮೊಗ್ಗಿನಲ್ಲೇ ಪರಾಗಕೋಶಗಳನ್ನು ತೆಗೆದು, ಕಾಗದದ ಚೀಲ ಕಟ್ಟಿ, ಕೆಲವು ಹೂಗಳಿಗೆ ಅದೇ ಗಿಡದ, ಕೆಲವಕ್ಕೆ ಬೇರೆ ತದ್ರೂಪಿ ಸಾಲಿನ ಪರಾಗವನ್ನು ಮುಟ್ಟಿಸಿ, ಮರುದಿನ ಶಲಾಕೆಗಳನ್ನು ಕಿತ್ತು ಅನಿಲಿನ್ ಬ್ಲೂ ಬಣ್ಣ ಹಾಕಿ ಪ್ರತಿದೀಪ್ತಿ (ಫ್ಲೋರೆಸೆನ್ಸ್) ಸೂಕ್ಷ್ಮದರ್ಶಕದಲ್ಲಿ ನಾಳಗಳು ಎಲ್ಲಿಯವರೆಗೆ ಇಳಿದಿವೆ ಎಂದು ನೋಡಬೇಕು. ಅಂಥ ಉಪಕರಣವಿಲ್ಲದ ಕಾಲೇಜುಗಳು, 1925ರಿಂದಲೂ ಬಾಳೆಹೊನ್ನೂರಿನಲ್ಲಿರುವ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಗೆ ಹೂವಿನ ಕಾಲಕ್ಕೆ ಬಹಳ ಮೊದಲೇ, ಡಿಸೆಂಬರ್ ಹೊತ್ತಿಗೆ, ವಿಭಾಗದ ಮುಖ್ಯಸ್ಥರ ಮೂಲಕ ಪತ್ರ ಬರೆದು ವಿಚಾರಿಸುವುದು ಒಳ್ಳೆಯದು. ಪತ್ರದೊಂದಿಗೆ ನಿತ್ಯಪುಷ್ಪದಲ್ಲಿ ಮಾಡಿದ ಆರು ಸೀಸೆಗಳ ಎಣಿಕೆಯ ಪ್ರತಿಯನ್ನು, ಬಿಟ್ಟ ದಿನಗಳನ್ನೂ ಸೇರಿಸಿ, ಇಟ್ಟಿರಬೇಕು.